ಸಿವಿಲ್ ಸೇವೆಯ ಅರ್ಜಿ ಮತ್ತು ಕನ್ನಡ: ಬೋಡಕ್‌ದೇವ್‌ನಲ್ಲಿ ಎದುರಾದ ಒಂದು ಪ್ರಶ್ನೆ

ಅಹಮದಾಬಾದು ನಗರದ ಪಶ್ಚಿಮಕ್ಕೆ, ಸರ್ಖೇಜ್-ಗಾಂಧಿನಗರ ಹೆದ್ದಾರಿಯ ಬದಿಗೆ ಬೆಳೆದು ನಿಂತಿರುವ ಬೋಡಕ್‌ದೇವ್ ಬಡಾವಣೆಯಲ್ಲಿ ಕನ್ನಡ ಮನೆಮಾತಾಗಿರುವ ಕೆಲವು ಕುಟುಂಬಗಳಿವೆ. ಗುಜರಾತದಲ್ಲಿ ನೆಲೆಸಿದ ಕನ್ನಡಿಗರ ಎರಡನೆಯ ಮತ್ತು ಮೂರನೆಯ ತಲೆಮಾರಿನ ಭಾಷಾಸ್ಥಿತಿಯನ್ನು ಅರಿಯಬೇಕೆಂದು ನಾವು ಅಲ್ಲಿಗೆ ಹೋಗಿದ್ದೆವು. ಅಂಥ ಒಂದು ಮನೆಯಲ್ಲಿ, ಪದವಿ ಮುಗಿಸಿದ ಯುವತಿಯೊಬ್ಬಳು ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸೇವಾ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದಳು. ಕಡ್ಡಾಯ ಭಾರತೀಯ ಭಾಷೆ ಯಾವುದು ಎಂಬ ಅಂಕಣದಲ್ಲಿ ಆಕೆಯ ಕೈ ನಿಂತಿತು. ಬಿಜಾಪುರ ಜಿಲ್ಲೆಯ ಮೂಲದ ಮನೆತನ. ಅಡುಗೆಮನೆಯ ಮಾತು ಅಚ್ಚ ಉತ್ತರ ಕರ್ನಾಟಕದ್ದು. "ಮಾತಾಡಲಿಕ್ಕೆ ಬರ್ತದರಿ ಸರ್, ಬರೀಲಿಕ್ಕೆ ಬರೂದಿಲ್ಲ. ಕನ್ನಡ ಅಂತ ತುಂಬಿದರ ತಪ್ಪಾಗ್ತದೇನ್ರಿ?" ಎಂದು ಆಕೆ ಕೇಳಿದಳು. ಆಗ ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಹಿಂದೆ ಬಹುಕಾಲದ ಇತಿಹಾಸವಿದೆ. ಸರ್ಕಾರಿ ಹುದ್ದೆಯನ್ನು ಬೇಡುವವನು ಯಾವ ಭಾಷೆಯಲ್ಲಿ ಬೇಡಬೇಕು, ಯಾವ ಭಾಷೆಯಲ್ಲಿ ಪರೀಕ್ಷೆಗೆ ಒಳಗಾಗಬೇಕು, ಆಯ್ಕೆಯಾದ ಮೇಲೆ ಯಾವ ಭಾಷೆಯನ್ನು ಕಲಿಯಬೇಕು ಎಂಬ ಮೂರು ಸಂಗತಿಗಳು ಒಂದೊಂದು ಕಾಲದಲ್ಲಿ ಒಂದೊಂದು ಬಗೆಯಾಗಿ ನಿರ್ಧಾರವಾಗಿವೆ. ಈ ಮೂರರಲ್ಲಿ ಕನ್ನಡದ ಸ್ಥಾನ ಎಲ್ಲಿತ್ತು, ಎಲ್ಲಿಗೆ ಬಂದಿದೆ ಎಂಬುದನ್ನು ಗುಜರಾತ ಮತ್ತು ಕರ್ನಾಟಕಗಳ ಹಳೆಯ ಆಡಳಿತ ಸಂಬಂಧದ ಹಿನ್ನೆಲೆಯಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಸಂಬಂಧ ನಾವು ಸಾಮಾನ್ಯವಾಗಿ ಊಹಿಸುವುದಕ್ಕಿಂತ ಹಳೆಯದು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ಕಾರವಾರದ ಕೋಠಿ ಸೂರತ್ತಿನ ಕೋಠಿಗೆ ಅಧೀನವಾಗಿತ್ತು. ಕಾರವಾರದ ಮೆಣಸಿನ ಲೆಕ್ಕ ಸೂರತ್ತಿಗೆ ಹೋಗಬೇಕಿತ್ತು. ಕಂಪನಿಯ ನೌಕರಿಯ ಮೊದಲ ಮೆಟ್ಟಿಲುಗಳಲ್ಲಿ ಒಂದು 'ರೈಟರ್' ಎಂಬ ಹುದ್ದೆ. ಅದರ ಮೇಲೆ ಫ್ಯಾಕ್ಟರ್, ಕಿರಿಯ ವರ್ತಕ, ಹಿರಿಯ ವರ್ತಕ. ಸೈನ್ಯದವರಿಂದ ಬೇರ್ಪಡಿಸಿ ಇವರನ್ನು 'ಸಿವಿಲ್' ನೌಕರರೆಂದು ಕರೆಯುವ ರೂಢಿಯೇ ಮುಂದೆ ಒಂದು ದೊಡ್ಡ ಸೇವೆಯ ಹೆಸರಾಯಿತು. ರೈಟರ್ ಆಗಬಯಸುವ ತರುಣ ಲಂಡನ್ನಿನ ನಿರ್ದೇಶಕ ಮಂಡಳಿಗೆ ಬಿನ್ನವಿಸಿಕೊಳ್ಳಬೇಕು. ಜನ್ಮದೀಕ್ಷೆಯ ಪ್ರಮಾಣಪತ್ರ ಮತ್ತು ಲೆಕ್ಕಪತ್ರ ಕಲಿತಿದ್ದಾನೆಂಬ ಗುರುವಿನ ಓಲೆಯನ್ನು ಲಗತ್ತಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಒಬ್ಬ ನಿರ್ದೇಶಕನ ಕೃಪೆ ಇರಬೇಕು. ಇಂಥ ಬಿನ್ನಹಪತ್ರಗಳ ದೊಡ್ಡ ಸಂಗ್ರಹವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಇಲ್ಲಿ ಹರಿಹರನ ನೆನಪಾಗುವುದು ಸಹಜ. ಬಸವರಾಜದೇವರ ರಗಳೆಯಲ್ಲಿ ಬಸವಣ್ಣ ಮಂಗಳವಾಡಕ್ಕೆ ಬಂದು, ಕರಣಿಕರು ಲೆಕ್ಕ ಬರೆಯುವ ಚಾವಡಿಯಲ್ಲಿ ಕುಳಿತು, ಅವರ ಲೆಕ್ಕದ ತಪ್ಪನ್ನು ಎತ್ತಿ ತೋರಿಸಿ ಕೆಲಸ ಪಡೆಯುತ್ತಾನೆ. ಅರ್ಜಿಯಿಲ್ಲ, ಓಲೆಯಿಲ್ಲ, ಕೃಪೆಯೂ ಇಲ್ಲ. ಕೆಲಸದ ಜಾಗದಲ್ಲೇ ಪರೀಕ್ಷೆ ನಡೆದುಹೋಯಿತು. ಇದನ್ನು ಐತಿಹಾಸಿಕ ದಾಖಲೆಯೆಂದು ನಾವು ಮಂಡಿಸುತ್ತಿಲ್ಲ. ಆದರೆ ರಾಜಸೇವೆಗೆ ಯೋಗ್ಯತೆ ಎಂದರೇನು ಎಂಬುದರ ಬಗ್ಗೆ ಕನ್ನಡ ಕವಿಯ ಕಲ್ಪನೆ ಏನಿತ್ತೆಂಬುದಕ್ಕೆ ಇದು ದಾಖಲೆಯೇ. ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರವನ್ನು ಬರೆದನೆಂಬುದನ್ನೂ ಇದರ ಜೊತೆಗೆ ಇಟ್ಟು ನೋಡಬಹುದು. ಬರೆಯುವ ಭಾಷೆಯೂ ಸೇವೆಯ ಭಾಷೆಯೂ ಅವನಿಗೆ ದೂರದವಾಗಿರಲಿಲ್ಲ.

ಕಂಪನಿ ಆಡಳಿತವು ವ್ಯಾಪಾರದಿಂದ ಕಂದಾಯಕ್ಕೆ ತಿರುಗಿದ ಮೇಲೆ ಭಾಷೆಯ ಪ್ರಶ್ನೆ ಗಂಭೀರವಾಯಿತು. 1800ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು, 1806ರಲ್ಲಿ ಇಂಗ್ಲೆಂಡಿನ ಹೈಲಿಬರಿ ಕಾಲೇಜು, 1812ರಲ್ಲಿ ಮದರಾಸಿನ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಆರಂಭವಾದವು. ಮದರಾಸಿನ ಸಿವಿಲ್ ಸೇವೆಯವನೇ ಆದ ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಹೊಸಗನ್ನಡ ವ್ಯಾಕರಣದ ಆರಂಭದ ಚರಿತ್ರೆಯನ್ನು ಬರೆಯುವವರು ಅದರ ಮೊದಲ ಓದುಗರು ಕನ್ನಡಿಗರಲ್ಲ, ಕನ್ನಡ ಜಿಲ್ಲೆಗಳಲ್ಲಿ ಹುದ್ದೆ ಹೊಂದಲಿದ್ದ ಇಂಗ್ಲಿಷ್ ತರುಣರು ಎಂಬುದನ್ನು ಮರೆಯಬಾರದು.

1854ರಲ್ಲಿ ಮೆಕಾಲೆಯ ಸಮಿತಿ ವರದಿ ಕೊಟ್ಟಿತು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾಪರೀಕ್ಷೆ ನಡೆಯಿತು. ನಿರ್ದೇಶಕರ ಕೃಪೆಯ ಕಾಲ ಮುಗಿಯಿತು. 1858ರಲ್ಲಿ ಹೈಲಿಬರಿಯೂ ಮುಚ್ಚಿತು. ಆ ಮೊದಲ ಪರೀಕ್ಷೆಯ ಅಂಕಗಳ ಹಂಚಿಕೆ ನಮ್ಮ ವಿಷಯಕ್ಕೆ ಬಹು ಮುಖ್ಯ. ಇಂಗ್ಲಿಷ್ ಪ್ರಬಂಧ, ಸಾಹಿತ್ಯ ಮತ್ತು ಚರಿತ್ರೆಗೆ ಒಟ್ಟು 1500, ಗಣಿತಕ್ಕೆ 1000, ಗ್ರೀಕಿಗೆ 750, ಲ್ಯಾಟಿನ್ನಿಗೆ 750. ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳಿಗೆ ತಲಾ 375. ಸಂಸ್ಕೃತ ಮತ್ತು ಅರಬ್ಬಿಗೂ ತಲಾ 375. ಭಾರತದ ಯಾವ ದೇಶಭಾಷೆಗೂ ಒಂದಂಕವೂ ಇರಲಿಲ್ಲ. ಸಮಿತಿಯ ಧೋರಣೆ ಸ್ಪಷ್ಟವಾಗಿತ್ತು: ಆಯ್ಕೆ ಸಾಮಾನ್ಯ ವಿದ್ಯೆಯ ಆಧಾರದ ಮೇಲೆ; ಆಳಬೇಕಾದ ಜನರ ಭಾಷೆ ಆಯ್ಕೆಯ ಅನಂತರ ಕಲಿಯುವ ಕಸುಬು. ಅಂದರೆ ಆಯ್ಕೆಯ ಬಾಗಿಲಿನಲ್ಲಿ ಕನ್ನಡವಿಲ್ಲ. ಬಾಗಿಲು ದಾಟಿದವನ ಕೈಗೆ ಮಾತ್ರ ಕನ್ನಡ ವ್ಯಾಕರಣ ಬರುತ್ತಿತ್ತು. ಈ ವ್ಯವಸ್ಥೆಯ ನೆರಳು ಇಂದಿಗೂ ಪೂರ್ಣವಾಗಿ ಸರಿದಿಲ್ಲವೆಂಬುದೇ ನಮ್ಮ ವಾದ.

ಮುಂಬಯಿ ಪ್ರಾಂತ್ಯದಲ್ಲಿ ಈ ಬಾಗಿಲು ದಾಟಿದವರ ಕಥೆ ವಿಶೇಷವಾದುದು. ಅಹಮದಾಬಾದು, ಖೇಡಾ, ಪಂಚಮಹಾಲ, ಭರೂಚ, ಸೂರತ್ತು ಒಂದು ಕಡೆ. ಧಾರವಾಡ, ಬೆಳಗಾವಿ, ಬಿಜಾಪುರ, ಮತ್ತು 1862ರಲ್ಲಿ ಮದರಾಸಿನಿಂದ ಬಂದು ಸೇರಿದ ಉತ್ತರ ಕನ್ನಡ ಇನ್ನೊಂದು ಕಡೆ. ಇವೆಲ್ಲ ಒಂದೇ ಗವರ್ನರನ ಅಧೀನ. ಆದುದರಿಂದ ಒಬ್ಬನೇ ಅಧಿಕಾರಿ ಇಂದು ಗುಜರಾತಿ ಜಿಲ್ಲೆಯಲ್ಲಿ, ನಾಳೆ ಕನ್ನಡ ಜಿಲ್ಲೆಯಲ್ಲಿ ಕೆಲಸ ಮಾಡುವುದು ಸಾಧ್ಯವಿತ್ತು. ಭಾರತೀಯ ಸಿವಿಲ್ ಸೇವೆಗೆ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರೇ ಇದಕ್ಕೆ ಉದಾಹರಣೆ. 1863ರಲ್ಲಿ ಲಂಡನ್ನಿನಲ್ಲಿ ತೇರ್ಗಡೆಯಾದ ಅವರಿಗೆ ತಮ್ಮ ಬಂಗಾಲದಲ್ಲಿ ಕೆಲಸ ದೊರೆಯಲಿಲ್ಲ. ಮುಂಬಯಿ ಪ್ರಾಂತ್ಯ ದೊರೆಯಿತು. 1865ರಲ್ಲಿ ಅಹಮದಾಬಾದಿನಲ್ಲಿ ಸಹಾಯಕ ಕಲೆಕ್ಟರರಾದರು. ಮುಂದೆ ಅದೇ ಊರಿನಲ್ಲಿ ನ್ಯಾಯಾಧೀಶರಾಗಿದ್ದಾಗ ಶಾಹಿಬಾಗಿನ ಹಳೆಯ ಮೊಗಲ್ ಅರಮನೆಯಲ್ಲಿ ವಾಸವಾಗಿದ್ದರು. 1878ರಲ್ಲಿ ತಮ್ಮ ರವೀಂದ್ರನಾಥರು ಬಂದು ತಂಗಿದ್ದುದು ಆ ಮನೆಯಲ್ಲೇ. 1880ರ ದಶಕದ ಆರಂಭದಲ್ಲಿ ಸತ್ಯೇಂದ್ರನಾಥರು ಕಾರವಾರದ ಜಿಲ್ಲಾ ನ್ಯಾಯಾಧೀಶರಾದರು; ರವೀಂದ್ರರು ಅಲ್ಲಿಗೂ ಬಂದು, ಸಮುದ್ರದ ಬದಿಯಲ್ಲಿ 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದರು. ಬಂಗಾಳಿ ಸಾಹಿತ್ಯ ಚರಿತ್ರೆಗೆ ಅಹಮದಾಬಾದು ಮತ್ತು ಕಾರವಾರ ಎರಡೂ ಬಂದು ಸೇರಿದ್ದು ಒಬ್ಬ ಸಿವಿಲಿಯನ್ನನ ವರ್ಗಾವಣೆಯ ಆದೇಶಗಳಿಂದ. ಅದೇ ಶಾಹಿಬಾಗ್ ಅರಮನೆ ಮುಂದೆ ಗುಜರಾತದ ರಾಜಭವನವಾಗಿ, ಬಳಿಕ ಸರ್ದಾರ್ ಪಟೇಲರ ಸ್ಮಾರಕವಾಯಿತು. ಸ್ವತಂತ್ರ ಭಾರತದಲ್ಲಿ ಅಖಿಲ ಭಾರತ ಸೇವೆಗಳು ಉಳಿಯಲೇಬೇಕೆಂದು 1949ರಲ್ಲಿ ಸಂವಿಧಾನ ಸಭೆಯಲ್ಲಿ ವಾದಿಸಿದವರು ಪಟೇಲರು. ಸೇವೆಯ ಮೊದಲ ಭಾರತೀಯನ ಮನೆಯೇ ಅವರ ಸ್ಮಾರಕವಾದದ್ದು ಕಾಕತಾಳೀಯ. ಆದರೂ ಅಹಮದಾಬಾದಿಗೆ ಹೋದ ಸಂಶೋಧಕರು ಆ ಕಟ್ಟಡವನ್ನು ಈ ಕಣ್ಣಿನಿಂದಲೂ ನೋಡಬೇಕು.

ಕನ್ನಡಕ್ಕೆ ಈ ಸೇವೆಯಿಂದ ಆದ ಲಾಭದ ಮಾತು ಬಂದಾಗ ಜಾನ್ ಫೇತ್‌ಫುಲ್ ಫ್ಲೀಟರ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. 1867ರಲ್ಲಿ ಮುಂಬಯಿ ಸೇವೆಗೆ ಬಂದು, 1872ರಲ್ಲಿ ಬೆಳಗಾವಿಯಲ್ಲಿ ದಕ್ಷಿಣ ವಿಭಾಗದ ವಿದ್ಯಾಖಾತೆಯ ಇನ್‌ಸ್ಪೆಕ್ಟರರಾಗಿ, 1882ರಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಗ್ರಂಥವನ್ನು ಹೊರತಂದು, 1883ರಿಂದ 1886ರವರೆಗೆ ಭಾರತ ಸರ್ಕಾರದ ಶಾಸನತಜ್ಞರಾಗಿ ದುಡಿದವರು ಅವರು. ಸಂಗೊಳ್ಳಿ ರಾಯಣ್ಣನ ಬಂಡಾಯದ ಲಾವಣಿಯನ್ನೂ ಅವರು ಸಂಗ್ರಹಿಸಿ 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಅಚ್ಚು ಮಾಡಿಸಿದರು. ಬ್ರಿಟಿಷರ ವಿರುದ್ಧ ಹೋರಾಡಿದವನ ಹಾಡನ್ನು ಬ್ರಿಟಿಷ್ ಸೇವೆಯ ಅಧಿಕಾರಿಯೇ ಉಳಿಸಿಕೊಟ್ಟ ವಿಚಿತ್ರವಿದು. ಆದರೆ ಫ್ಲೀಟರ ಕೆಲಸಕ್ಕೆ ಬುನಾದಿಯಾದ 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವರು ವಾಲ್ಟರ್ ಎಲಿಯಟ್. ಇವರು ಸ್ಪರ್ಧಾಪರೀಕ್ಷೆಗೆ ಮೊದಲಿನ, ಕೃಪೆಯ ಕಾಲದ ಹೈಲಿಬರಿಯವರು. 1824ರ ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕಿ ಬಿಡುಗಡೆಯಾದವರು. ಒಬ್ಬರು ಕೃಪೆಯಿಂದ ಬಂದವರು, ಇನ್ನೊಬ್ಬರು ಪರೀಕ್ಷೆಯಿಂದ ಬಂದವರು. ಕನ್ನಡಕ್ಕೆ ಇಬ್ಬರೂ ಬೇಕಾದವರಾದರು. ಪರೀಕ್ಷೆಯ ಅಂಕಪಟ್ಟಿಯಿಂದ ಇದನ್ನು ಮೊದಲೇ ಯಾರೂ ತಿಳಿಯುವಂತಿರಲಿಲ್ಲ. ನಮ್ಮ ಸಂಶೋಧಕರು ಇವರ ವಿದ್ವತ್ತನ್ನು ಸಾಕಷ್ಟು ಹೊಗಳಿದ್ದಾರೆ. ಇವರಿಗೆ ಕನ್ನಡ ಕಲಿಸಿದ ಮುನ್ಶಿಗಳನ್ನು ಹುಡುಕುವ ಕೆಲಸವನ್ನು ಇನ್ನೂ ಯಾರಾದರೂ ಕೈಗೆತ್ತಿಕೊಳ್ಳಬೇಕಾಗಿದೆ.

ಮೇಲಿನ ಸೇವೆಯಲ್ಲಿ ಕನ್ನಡ ಆಯ್ಕೆಯ ಅನಂತರದ ಭಾಷೆಯಾಗಿದ್ದರೆ, ಕೆಳಗಿನ ಸೇವೆಯಲ್ಲಿ ಚಿತ್ರ ತಲೆಕೆಳಗಾಗಿತ್ತು. ಮುಂಬಯಿ ಕರ್ನಾಟಕದಲ್ಲಿ 'ಮುಲ್ಕಿ ಪರೀಕ್ಷೆ' ಎಂದು ಜನ ಕರೆಯುತ್ತಿದ್ದ ಏಳನೆಯ ಇಯತ್ತೆಯ ಪರೀಕ್ಷೆಯಲ್ಲಿ ಪಾಸಾದವನಿಗೆ ಶಾಲಾಮಾಸ್ತರನ ಕೆಲಸ, ತಲಾಠಿಯ ಕೆಲಸ ದಕ್ಕುತ್ತಿತ್ತು. ಪ್ರಶ್ನೆಯೂ ಕನ್ನಡ, ಉತ್ತರವೂ ಕನ್ನಡ, ಕೆಲಸದ ದಫ್ತರವೂ ಕನ್ನಡ. ಧಾರವಾಡ ಭಾಗದ ಶಾಲೆಗಳಲ್ಲಿ ಮರಾಠಿಯನ್ನು ಹಿಂದಕ್ಕೆ ಸರಿಸಿ ಕನ್ನಡವನ್ನು ನೆಲೆಗೊಳಿಸಿದ ಡೆಪ್ಯುಟಿ ಚೆನ್ನಬಸಪ್ಪನವರಂಥವರ ಶ್ರಮವಿಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಆ ಶ್ರಮದ ಫಲ ಸಾಹಿತ್ಯಕ್ಕಿಂತ ಮೊದಲು ಸಣ್ಣ ನೌಕರಿಗಳಲ್ಲಿ ಕಾಣಿಸಿಕೊಂಡಿತು ಎಂದು ನಮಗನ್ನಿಸುತ್ತದೆ.

ಬೋಡಕ್‌ದೇವ್‌ನ ಆ ಮನೆಯಲ್ಲಿ ಇದಕ್ಕೆ ಒಂದು ಸಾಕ್ಷಿ ದೊರೆಯಿತು. ಯುವತಿಯ ಮುತ್ತಜ್ಜ ಮುಲ್ಕಿ ಪಾಸಾದ ಮೇಲೆ ತಲಾಠಿ ಕೆಲಸಕ್ಕಾಗಿ ಪ್ರಾಂತ ಸಾಹೇಬರಿಗೆ ಬರೆದುಕೊಂಡ ಅರ್ಜಿಯ ಕೈನಕಲು. ಮಡಿಕೆಗಳಲ್ಲಿ ಹರಿದ ಒಂದೇ ಹಾಳೆ. ಮಸಿ ಕಂದಿದೆ, ಅಕ್ಷರ ಮಾತ್ರ ಮುತ್ತಿನಂತಿದೆ. ತನ್ನನ್ನು 'ಅರ್ಜದಾರ'ನೆಂದು ಕರೆದುಕೊಂಡು, ವಯಸ್ಸು, ಪಾಸಾದ ಇಯತ್ತೆ, ಮನೆಯ ಬಡತನ, ಲೆಕ್ಕದಲ್ಲಿ ತನಗಿರುವ ರೂಢಿ ಇವಿಷ್ಟನ್ನು ಹನ್ನೆರಡು ಸಾಲುಗಳಲ್ಲಿ ಆತ ನಿವೇದಿಸಿಕೊಂಡಿದ್ದಾನೆ. ಶಾಸನಗಳ 'ಬಿನ್ನಪಂಗೆಯ್ದು' ಎಂಬ ಮಾತಿನಿಂದ ಈ 'ಅರ್ಜದಾರ'ನವರೆಗೆ ಬಂದ ದಾರಿ ಉದ್ದವಾದರೂ ಬಾಗಿದ ಬೆನ್ನು ಒಂದೇ. ಮನೆಯವರು ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದರು. ಅವರಲ್ಲಿ ಅದನ್ನು ಸರಾಗವಾಗಿ ಓದಬಲ್ಲವರು ಅಜ್ಜಿಯೊಬ್ಬರೇ. ಅವರಿಗೂ ಕಣ್ಣು ಮಂಜಾಗಿತ್ತು.

ಅರ್ಜಿಯಲ್ಲಿರುವ 'ಮಾಮಲೇದಾರ', 'ಪ್ರಾಂತ', 'ತಲಾಠಿ' ಎಂಬ ಮಾತುಗಳನ್ನು ಕೇಳಿ ಯುವತಿ ಬೆರಗಾದಳು. ಅವು ಗುಜರಾತಿ ಮಾತುಗಳೆಂದೇ ಆಕೆ ತಿಳಿದಿದ್ದಳು. ಗುಜರಾತದಲ್ಲಿ ಮಾಮಲತದಾರ, ಪ್ರಾಂತ ಅಧಿಕಾರಿ, ತಲಾಟಿ ಇಂದಿಗೂ ಇದ್ದಾರೆ. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮಲ್ಲಿ ಮಾಮಲೇದಾರ ತಹಸೀಲ್ದಾರನಾದ, ಪ್ರಾಂತ ಸಾಹೇಬ ಅಸಿಸ್ಟೆಂಟ್ ಕಮಿಷನರನಾದ. ಗುಜರಾತ 1960ರ ಮೇ 1ರಂದು ಪ್ರತ್ಯೇಕವಾದರೂ ಮುಂಬಯಿ ಪ್ರಾಂತ್ಯದ ಪದಕೋಶವನ್ನು ಬಿಡಲಿಲ್ಲ. ಹೀಗಾಗಿ ಬಿಜಾಪುರದ ಹಳೆಯ ದಫ್ತರದ ಕನ್ನಡವನ್ನು ಅರ್ಥಮಾಡಿಕೊಳ್ಳಲು ಇಂದಿನ ಬೆಂಗಳೂರಿಗಿಂತ ಇಂದಿನ ಅಹಮದಾಬಾದು ಹೆಚ್ಚು ನೆರವಾಗುತ್ತದೆ. ಹೊರನಾಡಿನಲ್ಲಿರುವ ಸಂಶೋಧಕರಿಗೆ ಮಾತ್ರ ಲಭ್ಯವಾಗುವ ಅನುಕೂಲವಿದು.

ದೇಶೀ ಸಂಸ್ಥಾನಗಳ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಬಡೋದೆಯ ಸಯಾಜಿರಾವ್ ಗಾಯಕವಾಡರು ಲಂಡನ್ ಪರೀಕ್ಷೆಯ ಫಲವನ್ನು ಬೇರೊಂದು ರೀತಿಯಲ್ಲಿ ಪಡೆದರು. ಲಿಖಿತ ಪರೀಕ್ಷೆಯಲ್ಲಿ ಗೆದ್ದು ಕುದುರೆ ಸವಾರಿಯ ಪರೀಕ್ಷೆಗೆ ಹಾಜರಾಗದೆ ಸೇವೆಯನ್ನು ಕಳೆದುಕೊಂಡ ಅರವಿಂದ ಘೋಷರು 1893ರಲ್ಲಿ ಬಡೋದೆಗೆ ಬಂದರು. ಸಿವಿಲ್ ಸೇವೆಯಿಂದ ನಿವೃತ್ತರಾದ ರಮೇಶಚಂದ್ರ ದತ್ತರು ಮುಂದೆ ಅಲ್ಲಿಯೇ ದಿವಾನರಾದರು. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆರಂಭದಲ್ಲಿ, ಮೈಸೂರು ಸಿವಿಲ್ ಸರ್ವಿಸಿನ ಸ್ಪರ್ಧಾಪರೀಕ್ಷೆ ಮೊದಲಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ದಾರಿಯಿಂದ ಸೇವೆಗೆ ಬಂದವರು. ಆದರೆ ಸ್ಪರ್ಧೆಯ ನ್ಯಾಯ ಎಲ್ಲರ ಮನೆಯ ಬಾಗಿಲಿಗೂ ಬರಲಿಲ್ಲ. ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು ದೊರೆಯಬೇಕೆಂಬ ಒತ್ತಾಯದ ಫಲವಾಗಿ 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅಸ್ತ್ರಪರೀಕ್ಷೆಯ ಅಂಗಣದಲ್ಲಿ ಕರ್ಣನ ಕುಲವನ್ನು ಕೇಳಿದವರಿಗೆ ಪರೀಕ್ಷೆ ನಿಷ್ಪಕ್ಷಪಾತವಾಗಿ ಕಂಡಿದ್ದೀತು. ಕರ್ಣನಿಗೆ ಹಾಗೆ ಕಾಣುವುದು ಸಾಧ್ಯವಿರಲಿಲ್ಲ.

ಸ್ಪರ್ಧೆ ಲಂಡನ್ನಿನಲ್ಲಿ ಮಾತ್ರವಲ್ಲದೆ ಭಾರತದಲ್ಲಿಯೂ ನಡೆಯಬೇಕೆಂಬ ಬೇಡಿಕೆಗೆ 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯೇ ಒಪ್ಪಿಗೆ ಕೊಟ್ಟಿದ್ದರೂ ಅದು ಕೈಗೂಡಿದ್ದು 1922ರಲ್ಲಿ, ಅಲಹಾಬಾದಿನಲ್ಲಿ. 1926ರ ಅಕ್ಟೋಬರ್ 1ರಂದು ಲೋಕಸೇವಾ ಆಯೋಗ ಸ್ಥಾಪನೆಯಾಯಿತು; 1950ರ ಜನವರಿ 26ರಿಂದ ಅದು ಇಂದಿನ ಹೆಸರನ್ನು ಪಡೆಯಿತು. ಸ್ಥಳ ಬದಲಾಯಿತು, ಆಡಳಿತದ ಸ್ವಾಮ್ಯ ಬದಲಾಯಿತು, ಭಾಷೆ ಬದಲಾಗಲಿಲ್ಲ. ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅಖಿಲ ಭಾರತ ಪರೀಕ್ಷೆಗಳಲ್ಲಿ ಪರ್ಯಾಯ ಮಾಧ್ಯಮದ ಸ್ಥಾನ ಸಿಗಬೇಕೆಂದು ಸಂಸತ್ತಿನ 1968ರ ರಾಜಭಾಷಾ ನಿರ್ಣಯ ಹೇಳಿತು. ಭೌತವಿಜ್ಞಾನಿ ಡಿ. ಎಸ್. ಕೊಠಾರಿಯವರ ಸಮಿತಿ 1974ರಲ್ಲಿ ನೇಮಕವಾಗಿ 1976ರಲ್ಲಿ ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ 1979ರಿಂದ ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ ಎಂಬ ಮೂರು ಹಂತಗಳ ವ್ಯವಸ್ಥೆ ಜಾರಿಗೆ ಬಂದಿತು.

ಕನ್ನಡದ ದೃಷ್ಟಿಯಿಂದ 1979 ಒಂದು ಗಡಿರೇಖೆ. ಮೆಕಾಲೆಯ ಯೋಜನೆಯಲ್ಲಿ ಒಂದಂಕವನ್ನೂ ಪಡೆಯದ ಭಾಷೆ ಈಗ ಮೂರು ಬಾಗಿಲುಗಳಿಂದ ಒಳಗೆ ಬಂದಿತು. ಒಂದು, ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು. ಎರಡು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವನ್ನಾಗಿ ಆರಿಸಿಕೊಳ್ಳಬಹುದು. ಮೂರು, ಎಂಟನೆಯ ಅನುಸೂಚಿಯ ಒಂದು ಭಾರತೀಯ ಭಾಷೆಯಲ್ಲಿ ಅರ್ಹತಾ ಪತ್ರಿಕೆಯನ್ನು ಬರೆಯಲೇಬೇಕು. ಕನ್ನಡದಲ್ಲಿ ಬರೆದು ಐ.ಎ.ಎಸ್. ಪರೀಕ್ಷೆಯನ್ನು ಗೆದ್ದವರಲ್ಲಿ ಮೊದಲಿಗರೆಂದು ಹೆಸರಾದ ಕೆ. ಶಿವರಾಮ್ ಅವರು 1980ರ ದಶಕದ ನಡುವಿನಲ್ಲಿ ಆ ಸಾಧನೆ ಮಾಡಿದಾಗ ಕರ್ನಾಟಕದ ಹಳ್ಳಿಗಾಡಿನ ಕಾಲೇಜುಗಳಲ್ಲಿ ಉಂಟಾದ ಸಂಚಲನವನ್ನು ನಮ್ಮ ವಯಸ್ಸಿನವರು ಬಲ್ಲರು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಪೂರ್ವಭಾವಿ ಪರೀಕ್ಷೆಯ ಪ್ರಶ್ನಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಮುಖ್ಯ ಪರೀಕ್ಷೆಯಲ್ಲಿಯೂ, ಭಾಷೆ ಮತ್ತು ಸಾಹಿತ್ಯದ ಪತ್ರಿಕೆಗಳನ್ನು ಬಿಟ್ಟರೆ, ಪ್ರಶ್ನೆಗಳು ಆ ಎರಡು ಭಾಷೆಗಳಲ್ಲಿಯೇ ಇರುತ್ತವೆ. ಕನ್ನಡದಲ್ಲಿ ಬರೆಯುವ ಅಭ್ಯರ್ಥಿ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ಮನಸ್ಸಿನಲ್ಲಿ ಅನುವಾದಿಸಿಕೊಂಡು, ಕನ್ನಡದಲ್ಲಿ ಉತ್ತರಿಸಬೇಕು. ಗಡಿಯಾರ ಮಾತ್ರ ಎಲ್ಲರಿಗೂ ಒಂದೇ. ಕನ್ನಡಕ್ಕೆ ಉತ್ತರಿಸುವ ಹಕ್ಕು ಬಂದಿತು, ಪ್ರಶ್ನಿಸುವ ಹಕ್ಕು ಬರಲಿಲ್ಲ. ಮುಲ್ಕಿ ಪರೀಕ್ಷೆಯಲ್ಲಿ ತಲಾಠಿಗೆ ಇದ್ದ ಅನುಕೂಲ ಜಿಲ್ಲಾಧಿಕಾರಿಯಾಗಬಯಸುವವನಿಗೆ ಇಂದಿಗೂ ಇಲ್ಲ. ಕೆಳದರ್ಜೆಯ ಕೇಂದ್ರ ನೌಕರಿಗಳಿಗೆ ಸಿಬ್ಬಂದಿ ನೇಮಕಾತಿ ಆಯೋಗವು ನಡೆಸುವ ಕೆಲವು ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರ 2023ರಲ್ಲಿ ಹೊರಬಿದ್ದಿತು. ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿಗೆ 2024ರಿಂದ ಇದೇ ಸೌಲಭ್ಯ ಬಂದಿತು. ಇದು ಸ್ವಾಗತಾರ್ಹ. ಆದರೆ ಹಳೆಯ ಶ್ರೇಣಿ ಹಾಗೆಯೇ ಉಳಿದಿದೆ: ಕನ್ನಡ ಪ್ರಶ್ನೆ ಕೇಳುವುದು ಕೆಳಗಿನ ಮೆಟ್ಟಿಲಿನಲ್ಲಿ.

ಕನ್ನಡ ಸಾಹಿತ್ಯದ ಐಚ್ಛಿಕ ಪತ್ರಿಕೆಗಳ ವಿಚಾರ ನಮ್ಮ ಮನಸ್ಸಿಗೆ ಹತ್ತಿರವಾದದ್ದು. ಮೊದಲ ಪತ್ರಿಕೆಯಲ್ಲಿ ಭಾಷೆಯ ಚರಿತ್ರೆ, ಸಾಹಿತ್ಯದ ಚರಿತ್ರೆ, ಕಾವ್ಯಮೀಮಾಂಸೆ, ಕರ್ನಾಟಕ ಸಂಸ್ಕೃತಿ. ಎರಡನೆಯದರಲ್ಲಿ ಪಂಪನ 'ವಿಕ್ರಮಾರ್ಜುನ ವಿಜಯ'ದ 12 ಮತ್ತು 13ನೆಯ ಆಶ್ವಾಸಗಳು, 'ವಡ್ಡಾರಾಧನೆ'ಯ ಸುಕುಮಾರಸ್ವಾಮಿ ಮತ್ತು ವಿದ್ಯುಚ್ಚೋರರ ಕಥೆಗಳು, ವಚನಗಳು, ಕನಕದಾಸರು, ತೀ.ನಂ.ಶ್ರೀಕಂಠಯ್ಯನವರು ಸಂಪಾದಿಸಿದ ನಂಬಿಯಣ್ಣನ ರಗಳೆ, ಕುಮಾರವ್ಯಾಸನ ಕರ್ಣಪರ್ವ, ಭರತೇಶ ವೈಭವದ ಸಂಗ್ರಹ, ಹೊಸಗನ್ನಡದಲ್ಲಿ 'ಬೆಟ್ಟದ ಜೀವ', 'ಮಾಧವಿ', 'ಒಡಲಾಳ', 'ಶೂದ್ರ ತಪಸ್ವಿ', 'ತುಘಲಕ್', 'ದೇವರು', ಜೊತೆಗೆ ಜಾನಪದ. ಅಭ್ಯರ್ಥಿಯು ಕರ್ಣನ ಅವಸಾನವನ್ನು ಎರಡು ಬಾರಿ, ಪಂಪನಲ್ಲೊಮ್ಮೆ ಕುಮಾರವ್ಯಾಸನಲ್ಲೊಮ್ಮೆ, ಓದುತ್ತಾನೆ. ಶಂಬೂಕನನ್ನೂ ಸಾಕವ್ವನನ್ನೂ ಎದುರಾಗುತ್ತಾನೆ. ಆಳಲು ಹೊರಟವನಿಗೆ ಇದಕ್ಕಿಂತ ಉತ್ತಮವಾದ ಓದು ಇರಲಾರದೆಂದು ನಮಗೆ ತೋರುತ್ತದೆ. ಇದು ಪಕ್ಷಪಾತವೆನ್ನಿಸಿದರೆ ಓದುಗರು ಮನ್ನಿಸಬೇಕು. ಹಾಗೆಂದು ದೋಷಗಳಿಲ್ಲವೆಂದಲ್ಲ. ಪಟ್ಟಿಯಲ್ಲಿ ನಿಗದಿಯಾದ ಆವೃತ್ತಿಗಳು ಎಲ್ಲ ಕಾಲದಲ್ಲೂ ಅಂಗಡಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಅಭ್ಯರ್ಥಿಯೇ ಹಳೆಯ ಪುಸ್ತಕದ ಅಂಗಡಿಗಳನ್ನು ಅಲೆಯಬೇಕಾದಾಗ ಹೊರನಾಡಿನವರ ಪಾಡು ಹೇಳತೀರದು.

ಈಚಿನ ಬದಲಾವಣೆಗಳನ್ನು ಬೇಗ ದಾಟಬಹುದು. 1993ರಿಂದ 200 ಅಂಕಗಳ ಪ್ರಬಂಧ ಪತ್ರಿಕೆ ಸೇರಿತು. 2001ರಲ್ಲಿ ವರದಿ ಕೊಟ್ಟ ಪರಿಶೀಲನಾ ಸಮಿತಿಯ ಅಧ್ಯಕ್ಷರಾಗಿದ್ದ ಅರ್ಥಶಾಸ್ತ್ರಜ್ಞ ಯೋಗಿಂದರ್ ಅಲಘ್ ಅಹಮದಾಬಾದಿನವರು. ಅವರು ದುಡಿದ ಸರ್ದಾರ್ ಪಟೇಲ್ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನ ಸಂಸ್ಥೆ ಬೋಡಕ್‌ದೇವ್‌ಗೆ ಹತ್ತಿರದ ಥಲ್ತೇಜ್ ರಸ್ತೆಯಲ್ಲಿದೆ. 2013ರ ಮಾರ್ಚ್ ತಿಂಗಳಿನಲ್ಲಿ ಆಯೋಗ ಹೊರಡಿಸಿದ ಪ್ರಕಟಣೆಯ ಪ್ರಕಾರ, ಪ್ರಾದೇಶಿಕ ಭಾಷೆಯಲ್ಲಿ ಉತ್ತರಿಸಲು ಅದೇ ಮಾಧ್ಯಮದಲ್ಲಿ ಪದವಿ ಪಡೆದಿರಬೇಕು, ಆ ಭಾಷೆಯನ್ನು ಕನಿಷ್ಠ 25 ಅಭ್ಯರ್ಥಿಗಳು ಆರಿಸಿಕೊಂಡಿರಬೇಕು, ಇಂಗ್ಲಿಷಿನ ಅಂಕಗಳು ಶ್ರೇಣಿಗೆ ಸೇರಬೇಕು ಎಂದಿತ್ತು. ಸಂಸತ್ತಿನಲ್ಲಿ ಪಕ್ಷಭೇದವಿಲ್ಲದೆ ವಿರೋಧ ಎದ್ದಿತು. ಅದೇ ತಿಂಗಳೊಳಗೆ ನಿಯಮಗಳನ್ನು ಹಿಂದಕ್ಕೆ ಪಡೆಯಲಾಯಿತು. ಮೂವತ್ತನಾಲ್ಕು ವರ್ಷಗಳ ಹಿಂದೆ ತೆರೆದ ಬಾಗಿಲು ಒಂದು ಪ್ರಕಟಣೆಯಿಂದ ಮುಚ್ಚಿಹೋಗುವಷ್ಟು ಹಗುರವಾಗಿತ್ತೆಂಬುದು ಆಗ ಗೊತ್ತಾಯಿತು. ಎರಡು ಐಚ್ಛಿಕ ವಿಷಯಗಳ ಜಾಗದಲ್ಲಿ ಒಂದೇ ಉಳಿದದ್ದೂ ಆ ವರ್ಷದಿಂದ. ಇದರಿಂದ ಸಾಹಿತ್ಯವನ್ನು ಎರಡನೆಯ ಐಚ್ಛಿಕವಾಗಿ ಇಟ್ಟುಕೊಳ್ಳುತ್ತಿದ್ದವರಿಗೆ ಆ ಅವಕಾಶ ಇಲ್ಲವಾಯಿತು.

ಇನ್ನು ಯುವತಿಯ ಅಂಕಣಕ್ಕೆ ಮರಳಬೇಕು. ಅರ್ಹತಾ ಪತ್ರಿಕೆ 300 ಅಂಕಗಳದು: ಪ್ರಬಂಧಕ್ಕೆ 100, ಗದ್ಯಭಾಗದ ಗ್ರಹಿಕೆಗೆ 60, ಸಂಕ್ಷೇಪಕ್ಕೆ 60, ಇಂಗ್ಲಿಷಿನಿಂದ ಮತ್ತು ಇಂಗ್ಲಿಷಿಗೆ ಅನುವಾದಕ್ಕೆ ತಲಾ 20, ಭಾಷಾಪ್ರಯೋಗಕ್ಕೆ 40. ಮಟ್ಟ ಮೆಟ್ರಿಕ್ಯುಲೇಷನ್ನಿನದು, ಶೇಕಡಾ 25 ಬಂದರೆ ಸಾಕು. ಆ ಅಂಕ ಶ್ರೇಣಿಗೆ ಸೇರುವುದಿಲ್ಲ. ಆದರೆ ಅದು ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕದಲ್ಲಿ ಓದಿದವನಿಗೆ ಇದು ಹೊಸ್ತಿಲು. ಅಹಮದಾಬಾದಿನಲ್ಲಿ ಓದಿದ ಕನ್ನಡ ಮನೆಮಾತಿನ ಹುಡುಗಿಗೆ ಗೋಡೆ. ನಿಯಮವು ಮಾತೃಭಾಷೆಯನ್ನು ಕೇಳುವುದಿಲ್ಲ, ಅನುಸೂಚಿಯ ಒಂದು ಭಾಷೆಯನ್ನು ಕೇಳುತ್ತದೆ. ಆಕೆಗೆ ಬರೆಯಲು ಬರುವ ಭಾಷೆ ಗುಜರಾತಿ. ನಗರದಲ್ಲಿಯೇ ಇರುವ ಸರ್ದಾರ್ ಪಟೇಲ್ ಲೋಕಾಡಳಿತ ಸಂಸ್ಥೆ ಗುಜರಾತದ ಅಭ್ಯರ್ಥಿಗಳಿಗೆ ತರಬೇತಿ ನೀಡುತ್ತದೆ. ಅಲ್ಲಿಗೆ ಸೇರುವ ಆಕೆಯ ಗೆಳತಿಯರಿಗೂ ಗುಜರಾತಿ ಸಹಜವಾದ ಆಯ್ಕೆ. ಕನ್ನಡವನ್ನು ಆರಿಸಿಕೋ ಎಂದು ಹೇಳುವ ಅಧಿಕಾರ ನಮಗೆಲ್ಲಿಯದು? ಭಾಷಾಭಿಮಾನಕ್ಕಾಗಿ ಒಬ್ಬಳ ವರ್ಷವನ್ನು ಪಣಕ್ಕಿಡುವುದು ನ್ಯಾಯವಲ್ಲ ಎಂದು ನಾವು ಹೇಳಿದೆವು. ಹೇಳುವಾಗ ಮನಸ್ಸು ಹಗುರವಾಗಿರಲಿಲ್ಲ.

ಆಕೆ ಸೇವೆಗೆ ಬಂದು ಕರ್ನಾಟಕಕ್ಕೆ ನಿಯುಕ್ತಳಾದಳೆಂದು ಭಾವಿಸೋಣ. ಆಗ ಮಸ್ಸೂರಿಯಲ್ಲಿ ಆಕೆಗೆ ಕನ್ನಡ ಕಲಿಸುತ್ತಾರೆ, ಅದರಲ್ಲಿ ಪರೀಕ್ಷೆ ಕೊಡಬೇಕಾಗುತ್ತದೆ. ಸತ್ಯೇಂದ್ರನಾಥರ ಕಾಲದಂತೆಯೇ, ಆಯ್ಕೆಯ ಅನಂತರ. ಮುತ್ತಜ್ಜನಿಗೆ ಕೆಲಸದ ಬಾಗಿಲು ತೆರೆದ ಭಾಷೆ ಮರಿಮಗಳಿಗೆ ಒಳಗೆ ಹೋದ ಮೇಲೆ ಕಲಿಯುವ ಭಾಷೆಯಾಗುತ್ತದೆ. ಹೊರನಾಡ ಕನ್ನಡ ಶಾಲೆಗಳ ಬಗ್ಗೆ ಯೋಜನೆ ಹಾಕುವವರು ಹಾಡು, ನಾಟಕಗಳ ಜೊತೆಗೆ ಈ 75 ಅಂಕಗಳನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕೆಂಬುದು ನಮ್ಮ ಸೂಚನೆ. ಹೊರನಾಡಿನ ಅಭ್ಯರ್ಥಿಗಳು ಯಾವ ಭಾಷೆಯನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ದೆಹಲಿ, ಮುಂಬಯಿ, ಹೈದರಾಬಾದುಗಳ ಸಂಶೋಧಕ ಮಿತ್ರರು ತಮ್ಮ ತಮ್ಮ ಊರುಗಳಲ್ಲಿ ವಿಚಾರಿಸಿ ಬರೆದು ಕಳುಹಿಸಿದರೆ ಪೀಠವು ಅದನ್ನು ಕೃತಜ್ಞತೆಯಿಂದ ಪ್ರಕಟಿಸುವುದು.

ಆ ಅಂಕಣದಲ್ಲಿ ಆಕೆ ಗುಜರಾತಿ ಎಂದು ತುಂಬಿದಳು. ಅರ್ಜಿ ಕಳುಹಿಸಿದ ಮೇಲೆ ಮುತ್ತಜ್ಜನ ಹಾಳೆಯನ್ನು ನಮ್ಮ ಮುಂದೆ ಬಿಡಿಸಿಟ್ಟು, ಓದಿ ಹೇಳಿರೆಂದು ಕೇಳಿಕೊಂಡಳು. ನಾವು ಒಂದೊಂದೇ ಸಾಲನ್ನು ನಿಧಾನವಾಗಿ ಓದಿದೆವು. ಆಕೆ ಆ ಹನ್ನೆರಡು ಸಾಲು ಕನ್ನಡವನ್ನು ತನ್ನ ಪುಸ್ತಕದಲ್ಲಿ ಗುಜರಾತಿ ಲಿಪಿಯಲ್ಲಿ ಬರೆದುಕೊಂಡಳು.